ತಲೆ ತಿರುಗಿಸದೆ ಓಡಿದವನು

ಅಳಿಯನಿಗೆ ಸೊಂಟ ನೋವು. ಮೊನ್ನೆ ಮಗಳು ನೀಲಗಿರಿ ಎಣ್ಣೆ ತಂದು ಅವನ ಬೆನ್ನಿಗೆ ತಿಕ್ಕಿದಳು. ದೋಹಾದ ಓಲ್ಡ್ ಏರ್‌ಪೋರ್ಟಿನ ಈ ಫ್ಲ್ಯಾಟಿನಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ, ಇಡೀ ದಿನ ಎ.ಸಿ. ವಾಸನೆ ಹೋಗುವುದಾದರೂ ಎಲ್ಲಿಗೆ? ಅಡುಗೆಮನೆಗೆ ಬಂತು. ನಾನು ಬಂಗುಡೆ ಶುಚಿ ಮಾಡುತ್ತಿದ್ದೆ. ಕೈ ನಿಂತಿತು. ನಾನು ಹಿಂದೆ ಕೆಲಸಕ್ಕಿದ್ದ ಮದೀನತ್ ಖಲೀಫಾದ ವಿಲ್ಲಾದಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಮೂಗಿಗೆ ಬರುತ್ತಿದ್ದದ್ದು ಕಾಫಿ ಅಲ್ಲ, ಇದೇ ವಾಸನೆ. ಆ ಮನೆಯ ಯಜಮಾನ, ನಮ್ಮ ಚೆಂಡಿನ ಸರ್, ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದ. ಎರಡೂ ಮೊಣಕಾಲಿನಲ್ಲಿ ಕೊಯ್ದ ಗುರುತು. ತಿಕ್ಕಿ ಮುಗಿಯುವವರೆಗೆ ಅವನಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ.

ಎದುರಿಗೆ ಸರ್, ಹಿಂದೆ ಚೆಂಡಿನ ಸರ್. ಆ ಹೆಸರು ಇಟ್ಟದ್ದು ಕಾಂಪೌಂಡಿನ ಡ್ರೈವರ್, ಬಂಟ್ವಾಳದ ಕಡೆಯ ಬ್ಯಾರಿ. ನಾನು ಉಡುಪಿ ಕಡೆಯವಳು. ಗಂಡ ಸತ್ತ ಮೇಲೆ ಮನೆಗೆಲಸಕ್ಕೆಂದು ಈ ದೇಶಕ್ಕೆ ಬಂದವಳು. ನಮ್ಮ ಕಡೆ ಕ್ರಿಸ್ತುವರ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ಉಂಟು. ಡ್ರೈವರ್ ಕರೆಯುವುದನ್ನು ಕೇಳಿ ಸರ್ ಕೂಡ ನನ್ನನ್ನು ಬಾಯಮ್ಮ ಎಂದೇ ಕರೆದ. ಅವನ ನಾಲಗೆಯಲ್ಲಿ ಅದು ಬೇರೆ ಏನೋ ಆಗಿ ಬರುತ್ತಿತ್ತು. ನಾನು ತಿದ್ದಲಿಲ್ಲ. ನಾನು ಮಾತಾಡುತ್ತಿದ್ದ ಇಂಗ್ಲಿಷೂ ಅಡುಗೆಮನೆಯ ಇಂಗ್ಲಿಷು, ಅದನ್ನು ಅವನೂ ತಿದ್ದಲಿಲ್ಲ.

ಅವನು ಆಸ್ಟ್ರೇಲಿಯಾದವನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮೂಗು ಎರಡು ಕಡೆ ಮುರಿದು ಕೂಡಿದ್ದು. ಒಂದು ಕಿವಿ ಒಣಗಿದ ಅಣಬೆಯ ಹಾಗೆ ಮುದುಡಿತ್ತು. ನೋಡಿದರೆ ಹೆದರಿಕೆಯಾಗಬೇಕು, ಆದರೆ ನಾಲ್ಕು ವರ್ಷದ ಮಗಳು ಅವನ ಬೆನ್ನು ಹತ್ತಿ ಆ ಕಿವಿಯನ್ನೇ ಹಿಡಿದು ಕುದುರೆ ಓಡಿಸುತ್ತಿದ್ದಳು. ಹೆಂಡತಿಯೂ ಅದೇ ದೇಶದವಳು, ಒಂದು ಆಫೀಸಿನಲ್ಲಿ ಕೆಲಸ. ಅವನಿಗೆ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ. ಮೊದಲ ವರ್ಷ ಆ ಮನೆಯಲ್ಲಿ ನನಗೆ ಯಾವ ಕಷ್ಟವೂ ಇರಲಿಲ್ಲ. ಅವನು ತಾನು ತಿಂದ ತಟ್ಟೆ ತಾನೇ ತೊಳೆಯುತ್ತಿದ್ದ. ಮೂರು ಮನೆ ದಾಟಿ ಬಂದವಳು ನಾನು, ಅದನ್ನು ಬೇರೆಲ್ಲೂ ನೋಡಿರಲಿಲ್ಲ.

ಒಂದು ಶುಕ್ರವಾರ ತನ್ನ ಹಳೆಯ ಆಟಗಳನ್ನು ಟಿ.ವಿ.ಗೆ ಹಾಕಿ ನನ್ನನ್ನೂ ಡ್ರೈವರನ್ನೂ ಕರೆದ. ನಾವು ನೆಲಕ್ಕೆ ಕೂರಲು ಹೋದರೆ ಬಿಡಲಿಲ್ಲ, ಸೋಫಾದ ಮೇಲೆಯೇ ಕೂರಿಸಿದ. ಮೈದಾನ ಮೊಟ್ಟೆಯ ಆಕಾರ. ಚೆಂಡೂ ದುಂಡಲ್ಲ, ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ. ನೆಲಕ್ಕೆ ಬಿದ್ದರೆ ಯಾವ ಕಡೆ ಹಾರುತ್ತದೆ ಎಂದು ಒದ್ದವನಿಗೂ ಗೊತ್ತಿಲ್ಲ. ತೋಳಿಲ್ಲದ ಬನಿಯನ್, ಗಿಡ್ಡ ಚಡ್ಡಿ, ತಲೆಗೆ ಏನೂ ಇಲ್ಲ. ಒಬ್ಬ ಚೆಂಡು ಹಿಡಿಯಲು ಇನ್ನೊಬ್ಬನ ಹೆಗಲಿಗೆ ಮೊಣಕಾಲು ಊರಿ ಮೇಲೆ ಹಾರುತ್ತಾನೆ. ಜನ ಎದ್ದು ನಿಂತು ಬೊಬ್ಬೆ ಹಾಕುತ್ತಾರೆ.

"ಬಾಯಮ್ಮ, ಇದು ಆಟವಾ ಗಲಾಟೆಯಾ?" ಎಂದ ಡ್ರೈವರ್.

"ಗಲಾಟೆಯಾದ್ರೆ ಬಿಡಿಸ್ಲಿಕ್ಕೆ ಯಾರಾದ್ರೂ ಬರ್ತಿದ್ರು. ಇಲ್ಲಿ ಸೀಟಿ ಊದುವವನೇ ನಿಂತು ನೋಡ್ತಾ ಇದ್ದಾನಲ್ಲ ಮಾರಾಯ."

"ನಮ್ಮೂರ ಕಬಡ್ಡಿಗೆ ಇವರನ್ನು ತಂದ್ರೆ ನಾವು ಖಲಾಸ್."

ಅವನು ಏನು ಹೇಳುತ್ತಿದ್ದಾನೆ ಎಂದು ಸರ್ ನನ್ನನ್ನು ಕೇಳಿದ. ಆಟ ಚೆಂದ ಉಂಟಂತೆ ಸರ್, ಎಂದೆ. ಅವನಿಗೆ ಖುಷಿಯಾಯಿತು.

ಆಮೇಲೆ ತನ್ನ ಕೆಲಸ ಏನೆಂದು ತೋರಿಸಿದ. ಅವನು ಹಿಂದೆ ನಿಂತು ಕಾಯುವವನು. ಎದುರು ತಂಡದವರು ಚೆಂಡನ್ನು ಎತ್ತರಕ್ಕೆ ಒದೆಯುತ್ತಾರೆ, ಅದು ಇವನ ತಲೆಯ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಇವನು ಆಕಾಶದಲ್ಲಿರುವ ಚೆಂಡನ್ನೇ ನೋಡುತ್ತಾ ಹಿಂದಕ್ಕೆ ಓಡಬೇಕು. ಆ ಕಡೆಯಿಂದ ಎದುರಾಳಿಗಳು ಅದೇ ಚೆಂಡಿಗೆ ಇದಿರಾಗಿ ಓಡಿ ಬರುತ್ತಿರುತ್ತಾರೆ. ಯಾರು ಬರುತ್ತಿದ್ದಾರೆ ಎಂದು ಒಂದು ಸಲ ತಲೆ ತಿರುಗಿಸಿದರೆ ಮುಗಿಯಿತು, ಹೆದರಿದ ಎಂದು ಹೆಸರು. ಆ ಹೆಸರು ಸಾಯುವವರೆಗೆ ಹೋಗುವುದಿಲ್ಲವಂತೆ. ಟಿ.ವಿ.ಯಲ್ಲಿ ಅವನು ಮತ್ತೆ ಮತ್ತೆ ಹಾಗೆ ಓಡಿದ. ಒಂದು ಸಲವೂ ತಿರುಗಿ ನೋಡಲಿಲ್ಲ. ಒಂದರಲ್ಲಿ ಎದುರಿನವನ ಮಂಡಿ ಇವನ ತಲೆಗೆ ಬಿದ್ದು, ಇವನು ಮೂಟೆಯ ಹಾಗೆ ಬಿದ್ದ. ಚೆಂಡು ಮಾತ್ರ ಕೈಯಲ್ಲೇ ಇತ್ತು. ಆಗ ಜನ ಹಾಕಿದ ಬೊಬ್ಬೆ ಬೇರೆ ಯಾವುದಕ್ಕೂ ಹಾಕಿರಲಿಲ್ಲ.

ಅವನು ಗೋಧಿ ಬೆಳೆಯುವ ಒಂದು ಸಣ್ಣ ಊರಿನವನಂತೆ. ಶಾಲೆ ಮುಗಿಯುವಾಗ ಪಟ್ಟಣದ ದೊಡ್ಡ ಕ್ಲಬ್ಬಿನವರು ಅವನ ಹೆಸರು ಕರೆದು ತಂಡಕ್ಕೆ ಸೇರಿಸಿಕೊಂಡರು. ಆ ಊರಿನಿಂದ ಹಾಗೆ ಕರೆಸಿಕೊಂಡವರು ಬೇರೆ ಯಾರೂ ಇರಲಿಲ್ಲ. ಸಂಬಳ ಬಂತು, ಮನೆ ಬಂತು, ಅವನ ಚಿತ್ರ ಇರುವ ಕಾರ್ಡನ್ನು ಮಕ್ಕಳು ದುಡ್ಡು ಕೊಟ್ಟು ಕೊಳ್ಳುತ್ತಿದ್ದರಂತೆ. ಭುಜ ತಪ್ಪಿತು, ಮೊಣಕಾಲು ಹೋಯಿತು, ಕೊಯ್ದು ಸರಿ ಮಾಡಿದರು, ಮತ್ತೆ ಆಡಿದ. ತಲೆಗೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಪೆಟ್ಟು ತಿಂದು ಎದ್ದವನು ಎದುರು ತಂಡದವರ ಜೊತೆ ಹೋಗಿ ನಿಂತುಕೊಂಡನಂತೆ. ಎಲ್ಲರೂ ನಕ್ಕರಂತೆ. ಹೇಳುವಾಗ ಅವನೂ ನಕ್ಕ. ಕೊನೆಗೆ ಒಂದು ದಿನ ತರಬೇತಿ ಕೊಡುವವನು ಆಫೀಸಿಗೆ ಕರೆದು ಕೈ ಕುಲುಕಿದ, ಮುಗಿಯಿತು. ಬೇರೆ ಗಂಡಸರು ಕೆಲಸದಲ್ಲಿ ಮೇಲೆ ಬರುವ ವಯಸ್ಸಿನಲ್ಲಿ ಅವನದ್ದು ಮುಗಿದೇ ಹೋಗಿತ್ತು.

ಎರಡನೆಯ ವರ್ಷ ಬದಲಾವಣೆ ಶುರುವಾಯಿತು. ಮೊದಲು ಬೆಳಕು ಆಗದಾಯಿತು, ಪರದೆ ಎಳೆಯಲು ಹೇಳುತ್ತಿದ್ದ. ಕಾರಿನ ಕೀ ಫ್ರಿಜ್ಜಿನಲ್ಲಿ ಸಿಕ್ಕಿತು. ಆಡಿದ ಮಾತನ್ನೇ ಊಟದ ಮೇಜಿನಲ್ಲಿ ಎರಡು ಸಲ ಆಡುತ್ತಿದ್ದ. ಇದನ್ನೆಲ್ಲ ಮೇಡಂ ನಗುತ್ತಾ ತಳ್ಳಿಹಾಕಿದಳು. ಸಿಟ್ಟು ಬರಲು ತೊಡಗಿದ ಮೇಲೆ ನಗಲಿಲ್ಲ. ಅವನ ದೇಶದವರು ಶುಕ್ರವಾರ ಸೇರಿ ಆಡುವ ಒಂದು ತಂಡವಿತ್ತು. ಅಲ್ಲಿ ಇವನೆಂದರೆ ದೇವರು. ಹೋಗಬೇಡ ಎಂದು ಮೇಡಂ ಹೇಳಿದಳು. ಹೋದ. ಅಲ್ಲಿಯೂ ತಲೆ ತಿರುಗಿಸದೆ ಓಡಿದನಂತೆ, ಡ್ರೈವರ್ ಹೇಳಿದ. ಪೆಟ್ಟು ತಿಂದ ಸರ್‌ನನ್ನು ಅವನೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದ.

ಅದಾದ ಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿ ಮೇಡಂ ಅವನಿಗೆ ಏನೋ ಹೇಳಿದಳು. ದೊಡ್ಡ ಮಾತಲ್ಲ, ಹಾಲು ತರಲು ಮರೆತದ್ದಕ್ಕೆ. ಅವನು ಅವಳನ್ನು ಎರಡು ಕೈಯಿಂದ ತಳ್ಳಿದ. ಅವಳು ಒಲೆಯ ಅಂಚಿಗೆ ಬಿದ್ದಳು. ಮಣಿಕಟ್ಟು ಮುರಿಯಿತು. ಮಗು ನೋಡುತ್ತಿತ್ತು. ಅವನು ತನ್ನ ಕೈಗಳನ್ನೇ ನೋಡುತ್ತಾ ನಿಂತ...

ಆಸ್ಪತ್ರೆಯಿಂದ ಬಂದು, ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಮೇಡಂ ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ.

"ಡಾಕ್ಟರ್ ಹೇಳಲಿ. ರೋಗ ಅಂತಾದರೆ ನಾನು ನಿನ್ನ ಜೊತೆ ಇರುತ್ತೇನೆ, ಕೊನೆಯವರೆಗೂ ಇರುತ್ತೇನೆ. ರೋಗ ಅಲ್ಲ, ಇದೇ ನಿನ್ನ ಗುಣ ಅಂತಾದರೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ."

ಗಂಡ ರೋಗಿಯಾಗಿರಲಿ ಎಂದು ಹೆಂಡತಿ, ತಾನು ರೋಗಿಯಾಗಿರಲಿ ಎಂದು ಗಂಡ, ಇಬ್ಬರೂ ಅದನ್ನೇ ಬೇಡಿಕೊಂಡ ಮನೆ ಅದೊಂದೇ ನಾನು ಕಂಡದ್ದು.

ಇಲ್ಲಿ ತಲೆಯ ಫೋಟೊ ತೆಗೆಸಿದರು. ಏನೂ ಕಾಣಲಿಲ್ಲ. ಅವರ ದೇಶದ ಡಾಕ್ಟರನೊಬ್ಬನ ಬಳಿ ಕಂಪ್ಯೂಟರಿನಲ್ಲಿ ಮಾತಾಡಿದರು. ಅವನು ಒಂದು ದಾರಿ ಹೇಳಿದ. ಕ್ಲಬ್ಬಿನಲ್ಲಿ ಆಡುವಾಗ ಪ್ರತಿ ವರ್ಷ ಶುರುವಿಗೆ ಆಟಗಾರರಿಗೆ ಬುದ್ಧಿಯ ಪರೀಕ್ಷೆ ಮಾಡುತ್ತಿದ್ದರು. ಪರದೆಯ ಮೇಲೆ ಗುರುತು ಬಂದಾಗ ಬೇಗ ಒತ್ತುವುದು, ಮಾತು ನೆನಪಿಟ್ಟು ಹೇಳುವುದು, ಹೀಗೆ. ಆ ಹಳೆಯ ಮಾರ್ಕು ಇನ್ನೂ ಇದೆ. ಅದೇ ಪರೀಕ್ಷೆ ಈಗ ಮಾಡಿಸೋಣ, ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ ಎಂದ.

ಪರೀಕ್ಷೆಗೆ ಮೊದಲು ಅವನು ಬಿಯರ್ ಬಿಟ್ಟ. ಬೇಗ ಮಲಗಿದ. ಆ ದಿನ ಮಗುವನ್ನು ನಾನು ಹಿಂದಿನ ಕೋಣೆಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅವನು ಹೊರಗೆ ಬಂದಾಗ ಅಂಗಿಯ ಬೆನ್ನು ಒದ್ದೆ.

"ಸರಿಯಾಗಿ ಮಾಡಿದೆ ಬಾಯಮ್ಮ. ಈ ಸಲ ನಿಜವಾಗಿ ಮಾಡಿದೆ."

ಪರೀಕ್ಷೆಯನ್ನು ಸುಳ್ಳಾಗಿ ಮಾಡುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಟೀ ಕೊಟ್ಟೆ.

ಡಾಕ್ಟರ್ ಮತ್ತೆ ಕಂಪ್ಯೂಟರಿನಲ್ಲಿ ಬಂದ. ಒಳ್ಳೆಯ ಸುದ್ದಿ ಎಂದ. ಹಳೆಯ ಮಾರ್ಕಿಗೂ ಈಗಿನದ್ದಕ್ಕೂ ಹೆಚ್ಚು ಅಂತರವಿಲ್ಲ. ಮೊದಲು ಹೇಗಿದ್ದನೋ ಈಗಲೂ ಹಾಗೆಯೇ ಇದ್ದಾನೆ.

ಮೇಡಂ ಎದ್ದು ಅಡುಗೆಮನೆಗೆ ಬಂದು ನೀರು ಕುಡಿದಳು. ಅವನು ಹಿಂದೆಯೇ ಬಂದ. ಆಗ ಹೇಳಿದ, ನನ್ನ ಎದುರಿಗೇ. ಆ ಹಳೆಯ ಮಾರ್ಕು ತನ್ನದಲ್ಲ. ವರ್ಷದ ಶುರುವಿನ ಪರೀಕ್ಷೆಯಲ್ಲಿ ತಾನು ಬೇಕೆಂದೇ ದಡ್ಡನ ಹಾಗೆ ಮಾಡುತ್ತಿದ್ದೆ, ತಂಡದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಯಾಕೆಂದರೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ ಮಾಡಿಸುತ್ತಾರೆ. ಮೊದಲಿನಷ್ಟೇ ಮಾರ್ಕು ಬಂದರೆ ಆಡಲು ಬಿಡುತ್ತಾರೆ, ಕಡಿಮೆ ಬಂದರೆ ಹೊರಗೆ ಕೂರಿಸುತ್ತಾರೆ. ಹೊರಗೆ ಕೂತವನ ಜಾಗಕ್ಕೆ ಹೊಸಬ ಬರುತ್ತಾನೆ, ಆಮೇಲೆ ಆ ಜಾಗ ತಿರುಗಿ ಸಿಗುವುದಿಲ್ಲ. ಅದಕ್ಕೇ ಮೊದಲೇ ಕಡಿಮೆ ತೆಗೆದಿಟ್ಟುಕೊಳ್ಳುವುದು. ಪೆಟ್ಟು ಬಿದ್ದು ಮಂಕಾದ ಮೇಲೂ ಅಷ್ಟು ಬಂದೇ ಬರುತ್ತದೆ.

"ಇದನ್ನು ಈಗ ಹೇಳುತ್ತಿದ್ದೀಯಾ?" ಎಂದಳು ಮೇಡಂ.

ಅವನು ಫೋನ್ ತೆಗೆದು ಹಳೆಯ ಜೊತೆಗಾರನೊಬ್ಬನಿಗೆ ಮಾಡಿದ. ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಒಂದೇ ಕೋಣೆಯಲ್ಲಿ ಇದ್ದವರು, ಒಬ್ಬನ ಮದುವೆಯಲ್ಲಿ ಇನ್ನೊಬ್ಬ ಮದುಮಗನ ಪಕ್ಕದಲ್ಲಿ ನಿಂತವರು. ಆ ಮನುಷ್ಯ ಈಗ ಅದೇ ಕ್ಲಬ್ಬಿನಲ್ಲಿ ಹುಡುಗರಿಗೆ ತರಬೇತಿ ಕೊಡುತ್ತಿದ್ದ. ಇವನು ಕೇಳಿದ. ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ನೀನು ಮಾಡಿರಬಹುದಪ್ಪ. ನಾವು ಯಾರೂ ಹಾಗೆ ಮಾಡಲಿಲ್ಲ."

ಸರ್ ಫೋನನ್ನು ಮೆಲ್ಲನೆ ಮೇಜಿನ ಮೇಲಿಟ್ಟ. ಎಸೆಯುತ್ತಾನೆ ಎಂದುಕೊಂಡು ನಾನು ಗಾಜಿನ ಪಾತ್ರೆಗಳನ್ನು ಬದಿಗೆ ಸರಿಸಿದ್ದೆ. ಎಸೆಯಲಿಲ್ಲ.

ಮೇಡಂ ಮತ್ತೆ ಡಾಕ್ಟರನ್ನು ಕೇಳಿದಳು. ಇರಬಹುದು, ಇಲ್ಲದೆಯೂ ಇರಬಹುದು ಎಂದನಂತೆ. ಅಂಥ ರೋಗ ಇದ್ದರೂ ಬದುಕಿರುವವನಲ್ಲಿ ಖಚಿತವಾಗಿ ಹೇಳಲು ಬರುವುದಿಲ್ಲ, ಸತ್ತ ಮೇಲೆ ಮೆದುಳು ಕೊಯ್ದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ನನಗೆ ಆ ಬೇಕೆಂದೇ ಫೇಲಾಗುವ ಕಥೆ ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ನಾನು ಮೂರನೇ ಕ್ಲಾಸು. ಪಾಸಾಗಲು ಒದ್ದಾಡಿದವರನ್ನು ಮಾತ್ರ ಕಂಡವಳು.

ಮಾರನೆಯ ದಿನ ಬಟ್ಟೆ ಮಡಚುತ್ತಿದ್ದಾಗ ಮೇಡಂ ಬಂದು ನನ್ನ ಮಂಚದ ಮೇಲೆಯೇ ಕೂತಳು.

"ನಿನ್ನ ಗಂಡ ಹೊಡೆಯುತ್ತಿದ್ದ ಎಂದಿದ್ದೆಯಲ್ಲ. ಅದು ರೋಗವಾ?"

"ಶರಾಬು, ಮೇಡಂ. ಕುಡಿಯದ ದಿನವೂ ಹೊಡೆಯುತ್ತಿದ್ದ."

"ಹಾಗಾದರೆ ಗುಣ. ಇವನದ್ದು ಏನು?"

"ನನಗೆ ಹೇಗೆ ಗೊತ್ತಾಗಬೇಕು? ಮುರಿದದ್ದು ನಿಮ್ಮ ಕೈ. ರೋಗದಿಂದ ಮುರಿದರೆ ಬೇಗ ಕೂಡುತ್ತದಾ?"

ಅವಳು ಮಡಚಿಟ್ಟ ಬಟ್ಟೆಯಲ್ಲಿ ಮಗುವಿನದ್ದನ್ನು ಮಾತ್ರ ಆರಿಸಿ ಎತ್ತಿಕೊಂಡು ಹೋದಳು. ಅದೇ ವಾರ ತಾಯಿ ಮಗಳು ಇಬ್ಬರೂ ಹೊರಟರು. ಮಗು ಅಪ್ಪನಿಗೆ ಕೈ ಬೀಸಿತು, ರಜೆಗೆ ಹೋಗುವ ಹಾಗೆ.

ಆಮೇಲೆ ಆ ದೊಡ್ಡ ಮನೆಯಲ್ಲಿ ಅವನು, ಹಿಂದಿನ ಕೋಣೆಯಲ್ಲಿ ನಾನು. ಮಧ್ಯಾಹ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮಗು ಶಾಲೆಯಿಂದ ಬಂತಾ ಎಂದು ಕೇಳುತ್ತಿದ್ದ. ಇಲ್ಲ ಸರ್, ಊರಿಗೆ ಹೋಗಿದೆ, ಎಂದರೆ ಹೊಸದಾಗಿ ಕೇಳಿದವನ ಹಾಗೆ ಮುಖ ಮಾಡುತ್ತಿದ್ದ. ಪ್ರತಿ ಸಲ ಅದೇ ಮುಖ. ಮಲಗಿದೆ ಎಂದು ಹೇಳಿಬಿಡು ಬಾಯಮ್ಮ, ನಿನಗೆಂತ ಗಂಟು ಹೋಗುದು, ಎಂದ ಡ್ರೈವರ್. ಒಂದು ಸಲ ಹೇಳಿಯೂ ನೋಡಿದೆ. ಸದ್ದು ಮಾಡದೆ, ತುದಿಗಾಲಿನಲ್ಲಿ ಅವಳ ಕೋಣೆಗೆ ಹೋದ. ಬರಿ ಹಾಸಿಗೆ ನೋಡಿ ಬಂದ. ಮತ್ತೆ ನಾನು ಸುಳ್ಳು ಹೇಳಲಿಲ್ಲ.

ಬೇಸಗೆ ಶುರುವಾದಾಗ ಒಂದು ದಿನ ಶಾಲೆಯ ಮಕ್ಕಳನ್ನು ಬಿಸಿಲಿನ ಮೈದಾನದಲ್ಲಿ ಓಡಲು ಬಿಟ್ಟು, ತಾನು ನಡೆದುಕೊಂಡು ಮನೆಗೆ ಬಂದ. ಮಕ್ಕಳು ಅವನು ನಿಲ್ಲಿಸಲು ಹೇಳಲಿಲ್ಲವೆಂದು ಓಡುತ್ತಲೇ ಇದ್ದರು. ಇಬ್ಬರು ಬಿದ್ದರು. ದೇವರು ದೊಡ್ಡವನು, ಬದುಕಿದರು. ಶಾಲೆಯವರು ಅವನನ್ನು ಕೆಲಸದಿಂದ ಬಿಡಿಸಿದರು. ಅದರಲ್ಲಿ ಅವರ ತಪ್ಪಿಲ್ಲ. ಈ ದೇಶದಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ ಹೋಯಿತು. ಅವನ ಪೆಟ್ಟಿಗೆ ನಾನೇ ತುಂಬಿದೆ. ನನಗೆ ಬೇರೆ ಮನೆ ಡ್ರೈವರೇ ಹುಡುಕಿಕೊಟ್ಟಿದ್ದ.

ಹೊರಡುವಾಗ ಸರ್ ಬಾಗಿಲಲ್ಲಿ ಬಗ್ಗಿ ನಿಂತು, "ಖಲಾಸ್, ಬಾಯಮ್ಮ," ಎಂದ. ಅಷ್ಟೇ. ಈ ದೇಶದಲ್ಲಿ ಅವನು ಕಲಿತದ್ದೇ ನಾಲ್ಕು ಮಾತು, ಅದರಲ್ಲಿ ಎರಡನ್ನು ನನಗೆ ಹೇಳಿ ಹೋದ...

ಅದಾಗಿ ಬಹಳ ವರ್ಷ ಯಾವ ಸುದ್ದಿಯೂ ಇರಲಿಲ್ಲ. ನನಗೂ ವಯಸ್ಸಾಯಿತು, ಕೆಲಸ ಬಿಟ್ಟು ಮಗಳ ಮನೆಗೆ ಬಂದೆ. ಹೋದ ಚಳಿಗಾಲದಲ್ಲಿ ಡ್ರೈವರ್ ಫೋನ್ ಮಾಡಿದ. ಮೇಡಂ ಬಂದಿದ್ದಾಳೆ, ಎಲ್ಲಿಗೋ ಹೋಗುವ ದಾರಿಯಲ್ಲಿ ಒಂದು ಹಗಲು ಇಲ್ಲಿರುತ್ತಾಳೆ, ನಿನ್ನನ್ನು ನೋಡಬೇಕಂತೆ. ಅಲ್ ಮನ್ಸೂರಾದ ಒಂದು ಹೋಟೆಲಿನಲ್ಲಿ ಕೂತೆವು. ಸುತ್ತ ಇಡ್ಲಿ ವಡೆ ತಿನ್ನುವವರ ಗದ್ದಲ. ಮೇಡಂ ತೆಳ್ಳಗಾಗಿದ್ದಳು. ಜೊತೆಗೆ ಮಗಳು, ಆಗಲೇ ತಾಯಿಗಿಂತ ಎತ್ತರ. ಹುಡುಗಿ ಕೈ ತೊಳೆಯಲು ಎದ್ದ ಕೂಡಲೇ ಮೇಡಂ ಹೇಳಿದಳು.

ಅವನು ಸತ್ತು ಎರಡು ವರ್ಷ ಆಗಿತ್ತು. ತಾಯಿಯ ಮನೆಯಲ್ಲಿದ್ದನಂತೆ, ಆ ಗೋಧಿಯ ಊರಿನಲ್ಲಿ. ಹಗಲು ಹೊತ್ತು, ನೇರ ರಸ್ತೆ, ಎದುರಿಗೆ ಗಾಡಿಯಿಲ್ಲ. ಅವನು ಓಡಿಸುತ್ತಿದ್ದ ಕಾರು ಮರಕ್ಕೆ ಹೊಡೆಯಿತು. ತನ್ನ ಮೆದುಳನ್ನು ಕೊಯ್ದು ನೋಡಿ ಎಂದು ಅವನು ಮೊದಲೇ ಹೇಳಿಟ್ಟಿದ್ದ. ನೋಡಿದರು. ರೋಗ ಇತ್ತು. ಸಣ್ಣದಲ್ಲ. ದೋಹಾಕ್ಕೆ ಬರುವ ಎಷ್ಟೋ ಮೊದಲೇ ಶುರುವಾಗಿತ್ತಂತೆ. ಆ ಜೊತೆಗಾರ ಶವದ ಪೆಟ್ಟಿಗೆಯ ಎದುರು ಬಂದು ಅತ್ತನಂತೆ, ಎಲ್ಲರೂ ಪರೀಕ್ಷೆಯಲ್ಲಿ ಹಾಗೆಯೇ ಮಾಡುತ್ತಿದ್ದೆವು ಎಂದನಂತೆ.

"ಮೆದುಳು ಇಲ್ಲದೆ ಹೂತಿರಾ?" ಎಂದು ಕೇಳಿದೆ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಹೌದು," ಎಂದಳು. ಅಳು ಬರುತ್ತದೆ ಎಂದುಕೊಂಡೆ, ನಗು ಬಂತು ಅವಳಿಗೆ. ಆಮೇಲೆ ಅಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಗೊತ್ತಿದ್ದಿದ್ದರೆ ನಾನು ಇರಬೇಕಿತ್ತು, ಅಲ್ಲವಾ? ಇರುತ್ತೇನೆ ಎಂದು ಮಾತು ಕೊಟ್ಟಿದ್ದೆ."

ಅವಳಿಗೆ ಏನು ಬೇಕು ಎಂದು ನನಗೆ ಗೊತ್ತಿತ್ತು. ಹೌದು ಎಂದರೆ ಜೀವಮಾನವಿಡೀ ಹೊರುತ್ತಾಳೆ, ಅಲ್ಲ ಎಂದರೆ ನಂಬುವುದಿಲ್ಲ.

"ಇದ್ದಿದ್ದರೆ ಆ ಮಗು ಇನ್ನೂ ಏನೇನು ನೋಡುತ್ತಿತ್ತೋ," ಎಂದೆ. "ಅವನು ಕೆಟ್ಟವನಲ್ಲ ಎಂದು ಈಗ ಗೊತ್ತಾಯಿತಲ್ಲ. ಅಷ್ಟು ಇಟ್ಟುಕೊಳ್ಳಿ. ಟೀ ತಣ್ಣಗಾಯಿತು, ಕುಡಿಯಿರಿ."

ಹುಡುಗಿ ಬಂದು ಕೂತಳು. ತಾಯಿಯ ಕಣ್ಣು ನೋಡಿದಳು, ನನ್ನನ್ನು ನೋಡಿದಳು. ತನಗೆ ಅಪ್ಪನ ನೆನಪು ಒಂದೇ ಒಂದಿದೆ, ಅಡುಗೆಮನೆಯದ್ದು ಎಂದಳು. ನೀವು ಅವರ ಜೊತೆ ಇದ್ದವರು, ಅಪ್ಪ ಹೇಗಿದ್ದರು?

ಒಳ್ಳೆಯವನಾಗಿದ್ದ ಎಂದು ಹೇಳಿ ಮುಗಿಸಬಹುದಿತ್ತು. ಅದರಿಂದ ಅವಳಿಗೆ ಏನು ಸಿಗುತ್ತದೆ? ನಾನು ಕಂಡದ್ದನ್ನು ಹೇಳಿದೆ. ತಟ್ಟೆ ತೊಳೆಯುತ್ತಿದ್ದದ್ದು, ಅವಳು ಮುದುಡಿದ ಕಿವಿ ಹಿಡಿದು ಕುದುರೆ ಓಡಿಸುತ್ತಿದ್ದದ್ದು, ಅಡುಗೆಮನೆಯಲ್ಲಿ ತಳ್ಳಿದ ಮೇಲೆ ತನ್ನ ಕೈಗಳನ್ನೇ ನೋಡುತ್ತಾ ನಿಂತದ್ದು, ಅವರು ಹೋದ ಮೇಲೆ ದಿನಾ ಬಾಗಿಲಿಗೆ ಬಂದು ಅವಳನ್ನು ಕೇಳುತ್ತಿದ್ದದ್ದು. ತುದಿಗಾಲಿನಲ್ಲಿ ಕೋಣೆಗೆ ಹೋದದ್ದನ್ನೂ ಹೇಳಿದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಎಷ್ಟು ಮುಟ್ಟಿತೋ. ಹುಡುಗಿ ಎಲ್ಲ ಮುಗಿದ ಮೇಲೆ ತುದಿಗಾಲಿನದ್ದನ್ನು ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಹೇಳಿದೆ.

ಅವರು ವಿಮಾನಕ್ಕೆ ಹೋದರು. ನಾನು ನಡೆದುಕೊಂಡು ಮೆಟ್ರೋ ಕಡೆ ಬಂದೆ. ಅವನಿಗಾಗಿ ಇಗರ್ಜಿಯಲ್ಲಿ ಒಂದು ಪೂಜೆ ಕೊಡಿಸಿದೆ, ಅಷ್ಟು ನನ್ನ ಕೈಯಲ್ಲಿದ್ದದ್ದು. ಹೋದವನು ಹೋದ.

ಈಗ ಸಂಜೆ ನಮ್ಮ ಬಿಲ್ಡಿಂಗಿನ ಕೆಳಗೆ ಕಾರುಗಳ ನಡುವೆ ಮಕ್ಕಳು ಆಡುತ್ತಾರೆ. ಮಗಳು ನನಗೆ ಅಲ್ಲೇ ಒಂದು ಕುರ್ಚಿ ಹಾಕಿ ಕೊಡುತ್ತಾಳೆ, ಅಜ್ಜಿಗೆ ಹೊತ್ತು ಹೋಗಲಿ ಎಂದು. ಯಾರು ಗೆದ್ದರು ಅಜ್ಜಿ ಎಂದು ಮಕ್ಕಳು ಬಂದು ಕೇಳಿದರೆ ನನಗೆ ಗೊತ್ತಿರುವುದಿಲ್ಲ. ನಾನು ಚೆಂಡು ನೋಡುವುದಿಲ್ಲ. ಅವರ ತಲೆಗಳನ್ನೇ ನೋಡುತ್ತಾ ಕೂತಿರುತ್ತೇನೆ.